ಒಲ್ಲದ ಸಿಪಾಯಿಯೂ ಆಲೂಗಡ್ಡೆಯ ಸಿಪ್ಪೆಯೂ

ವ್ಯಾಕರಣ, ಹಳಗನ್ನಡ, ಶಾಲೆಯ ನೆನಪುಗಳು ಇವನ್ನೆಲ್ಲ ಬದಿಗಿಟ್ಟು ಈ ಬಾರಿ ಒಂದು ಬಾತುಕೋಳಿಯ ವಿಷಯವನ್ನು ಬರೆಯಹೊರಟಿದ್ದೇನೆ. ಮೇಷ್ಟರಿಗೆ ಈ ವಯಸ್ಸಿನಲ್ಲಿ ಇದೇನು ಹುಡುಗಾಟವೆಂದು ನೀವು ನಗಬಹುದು. ನಗಿರಿ. ನಾನು ಬರೆಯಬೇಕೆಂದಿರುವುದೂ ನಗುವಿನ ವಿಷಯವನ್ನೇ.

1942ರ ಮೇ 1ರಂದು ಅಮೆರಿಕದಲ್ಲಿ ವಾಲ್ಟ್ ಡಿಸ್ನಿಯ ಸಂಸ್ಥೆ 'ಡೊನಾಲ್ಡ್ ಗೆಟ್ಸ್ ಡ್ರಾಫ್ಟೆಡ್' ಎಂಬ ಕಿರುಚಿತ್ರವೊಂದನ್ನು ಬಿಡುಗಡೆ ಮಾಡಿತು. ಸುಮಾರು 9 ನಿಮಿಷಗಳ ಕಾರ್ಟೂನು. ನಿರ್ದೇಶಕ ಜ್ಯಾಕ್ ಕಿಂಗ್. ಬಾತುಕೋಳಿಯ ಆ ಗೊರಗೊರ ದನಿ ಕ್ಲಾರೆನ್ಸ್ ನ್ಯಾಶ್‌ನದು. ಸೈನ್ಯಕ್ಕೆ ಸೇರಲೇಬೇಕೆಂಬ ಸರಕಾರದ ಕರೆಯೋಲೆ ಬಂದ ಮೇಲೆ ಡೊನಾಲ್ಡ್ ಡಕ್ ಪಡುವ ಪಾಡೇ ಇದರ ಕಥಾವಸ್ತು. ನಿಮ್ಮಲ್ಲಿ 90ರ ದಶಕದಲ್ಲಿ ಶಾಲೆ ಕಲಿತವರಿಗೆ ಡೊನಾಲ್ಡ್ ಅಪರಿಚಿತನಲ್ಲ. ಭಾನುವಾರಗಳಂದು ದೂರದರ್ಶನದಲ್ಲಿ ಬರುತ್ತಿದ್ದ 'ಡಕ್ ಟೇಲ್ಸ್' ಮಾಲಿಕೆಯಲ್ಲಿ ಮೂವರು ಸೋದರಳಿಯಂದಿರನ್ನು ಸ್ಕ್ರೂಜನ ವಶಕ್ಕೆ ಒಪ್ಪಿಸಿ ನೌಕಾದಳಕ್ಕೆ ಹೊರಟುಹೋಗುವವನು ಇವನೇ. ಅದಕ್ಕಿಂತ ಸುಮಾರು ನಾಲ್ಕೂವರೆ ದಶಕಗಳ ಹಿಂದೆ ಅವನು ಭೂಸೇನೆಯ ಸಿಪಾಯಿಯಾಗಿದ್ದ.

ಈ ಚಿತ್ರದ ಬಗೆಗೆ ಹಿರಿಯ ಬಂಧುವೊಬ್ಬರು ಆಕ್ಷೇಪವೆತ್ತಿದರು. ದೇಶವು ಯುದ್ಧದಲ್ಲಿ ತೊಡಗಿರುವಾಗ ಸೈನ್ಯದ ಬದುಕನ್ನು ಹೀಗೆ ಗೇಲಿ ಮಾಡಬಹುದೆ, ಇಂಥದನ್ನು ಮೊಮ್ಮಕ್ಕಳಿಗೆ ತೋರಿಸಿದರೆ ಅವರಿಗೆ ಸೈನಿಕನ ಮೇಲೆ ಗೌರವ ಉಳಿದೀತೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಬಂಧುಗಳಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಸೈನ್ಯದಲ್ಲಿ ದುಡಿದವರಿದ್ದಾರೆ. ಅವರ ಎದುರು ನಿಂತು ಹೇಳಲಾಗದ ಮಾತನ್ನು ಇಲ್ಲಿ ಬರೆಯಲಾರೆ. ಆದರೂ ನನ್ನ ಅಭಿಪ್ರಾಯ ಬೇರೆಯಾಗಿದೆ. ಒಲ್ಲದ ಮನಸ್ಸಿನ ಸಿಪಾಯಿಯನ್ನು ಕಂಡು ನಗುವುದರಿಂದ ಸೈನಿಕನ ಗೌರವಕ್ಕೆ ಕುಂದಿಲ್ಲ. ಈ ಮಾಲಿಕೆಯಲ್ಲಿ ನಾವು ಅಂಜಬೇಕಾದ ನಗು ಬೇರೊಂದಿದೆ. ಆ ಎರಡನ್ನೂ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಕಥೆಯನ್ನು ಹೇಳಿಬಿಡುತ್ತೇನೆ. ಚಿತ್ರ ತೆರೆಯುವುದೇ ಕರೆಯೋಲೆಯಿಂದ. ಅದರಲ್ಲಿ ನಮ್ಮ ನಾಯಕನ ಪೂರ್ಣನಾಮ ಡೊನಾಲ್ಡ್ ಫಾಂಟ್ಲರಾಯ್ ಡಕ್ ಎಂದಿದೆ. ಸದಾ ಸಿಡುಕುವ ಈ ಬಾತುಕೋಳಿಗೆ ಮುದ್ದುಮುದ್ದಾದ ಶ್ರೀಮಂತ ಬಾಲಕನೊಬ್ಬನ ಹೆಸರು! ಕರೆಯೋಲೆ ಹಿಡಿದು ಅವನು ಉತ್ಸಾಹದಿಂದಲೇ ಹೊರಡುತ್ತಾನೆ. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಸೈನ್ಯದ ಭಿತ್ತಿಪತ್ರಗಳು. ಅವುಗಳ ಪ್ರಕಾರ ಸಿಪಾಯಿಯ ಬದುಕು ಸುಪ್ಪತ್ತಿಗೆಯ ಬದುಕು. ಹಿನ್ನೆಲೆಯಲ್ಲಿ ಸೈನ್ಯ ಈಗ ಮೊದಲಿನಂತಿಲ್ಲ, ಬಲು ಸುಖವಾಗಿಬಿಟ್ಟಿದೆ ಎಂಬ ಅರ್ಥದ ಹಾಡು. ಡೊನಾಲ್ಡನ ಮನಸ್ಸು ವಾಯುದಳದ ಮೇಲೆ. ತಾನು ಹಕ್ಕಿಯಲ್ಲವೆ, ಹಾರಬೇಡವೆ! ಕಚೇರಿಯಲ್ಲಿ ತನ್ನ ಆಸೆಯನ್ನು ಹೇಳಿಕೊಳ್ಳುತ್ತಾನೆ. ಅಧಿಕಾರಿ ಅವನನ್ನು ವೈದ್ಯಕೀಯ ತಪಾಸಣೆಗೆ ಅಟ್ಟುತ್ತಾನೆ.

ಆ ತಪಾಸಣೆಯ ದೃಶ್ಯವೇ ಚಿತ್ರದ ಅತ್ಯುತ್ತಮ ಭಾಗವೆಂದು ನನ್ನ ಎಣಿಕೆ. ವೈದ್ಯರ ದಂಡೊಂದು ಅವನನ್ನು ಸಂತೆಯಲ್ಲಿ ಕುರಿ ಪರೀಕ್ಷಿಸುವಂತೆ ಎತ್ತಿ, ತಿರುಗಿಸಿ, ಕುಟ್ಟಿ ನೋಡುತ್ತದೆ. ಹಸಿರು ಹಾಳೆಯೊಂದನ್ನು ಹಿಡಿದು ಬಣ್ಣ ಯಾವುದೆಂದು ಕೇಳಿದರೆ ಡೊನಾಲ್ಡ್ ನೀಲಿ ಎನ್ನುತ್ತಾನೆ. ಹೆಚ್ಚುಕಡಿಮೆ ಸರಿಯಾಗಿದೆ, ನಡೆಯುತ್ತದೆ ಎಂದು ವೈದ್ಯನ ತೀರ್ಪು. ಕೊನೆಗೆ ಹಿಂಭಾಗಕ್ಕೆ ದಪ್ಪಕ್ಷರದ 'ಓಕೆ' ಮುದ್ರೆ. ಕೊಟ್ಟ ಸಮವಸ್ತ್ರ ಒಳಗೆ ಮತ್ತೊಬ್ಬ ಹಿಡಿಸುವಷ್ಟು ದೊಡ್ಡದು. ಅದಕ್ಕೂ ಅವರಲ್ಲಿ ಉಪಾಯವಿದೆ. ನೀರು ಸುರಿದಾಗ ಬಟ್ಟೆ ಕುಗ್ಗಿ ಮೈಗೆ ಸರಿಯಾಗುತ್ತದೆ. ಬಟ್ಟೆಯನ್ನು ಮನುಷ್ಯನಿಗೆ ಹೊಂದಿಸುವ ಕ್ರಮ ಅಲ್ಲಿಗೆ ಮುಗಿಯಿತು. ಮುಂದೆ ಮನುಷ್ಯನನ್ನೇ ಬಟ್ಟೆಗೆ ಹೊಂದಿಸುವ ಕ್ರಮ.

ಆ ಕೆಲಸ ಸಾರ್ಜೆಂಟ್ ಪೀಟ್‌ನದು. ಈ ದಢೂತಿ ಪೀಟ್ ಡಿಸ್ನಿ ಚಿತ್ರಗಳ ಹಳೆಯ ಖಳ, ಮಿಕ್ಕಿ ಇಲಿಗಿಂತಲೂ ಹಿರಿಯ. ಕವಾಯತಿನ ಬಯಲಿನಲ್ಲಿ ಡೊನಾಲ್ಡನ ಕಣ್ಣು ಆಕಾಶದ ವಿಮಾನಗಳ ಮೇಲೆ, ಕಾಲು ಎತ್ತಲೋ. ಉಳಿದ ಸಿಪಾಯಿಗಳನ್ನು ಕಳುಹಿಸಿ ಪೀಟ್ ಇವನೊಬ್ಬನಿಗೇ ಪಾಠ ಹೇಳತೊಡಗುತ್ತಾನೆ. ಅಲುಗದೆ ನಿಲ್ಲು ಎಂಬ ಆಜ್ಞೆಯಾದದ್ದು ದುರದೃಷ್ಟವಶಾತ್ ಇರುವೆಯ ಗೂಡಿನ ಮೇಲೆ. ಇರುವೆಗಳು ಕಾಲಿನಿಂದ ಮೇಲಕ್ಕೇರುತ್ತವೆ. ಅಲುಗುವಂತಿಲ್ಲ, ಅಲುಗದಿರುವಂತಿಲ್ಲ. ಕೊನೆಗೆ ತಾಳ್ಮೆ ಹರಿದು ಕುಣಿದಾಡುವಾಗ ಕೈಯಲ್ಲಿದ್ದ ಬಂದೂಕು ಸಿಡಿಯತೊಡಗಿ ಸಾರ್ಜೆಂಟನಿಗೂ ಬಿಸಿ ತಟ್ಟುತ್ತದೆ. ಮುಂದಿನ ದೃಶ್ಯದಲ್ಲಿ ನಮ್ಮ ವೀರ ಅಡುಗೆಮನೆಯಲ್ಲಿ, ಆಲೂಗಡ್ಡೆಯ ಬೆಟ್ಟದ ನಡುವೆ, ಕೈಯಲ್ಲಿ ಚಾಕು. ಆ ಸುಖದ ಹಾಡು ಮತ್ತೆ ಕೇಳಿಬರುತ್ತದೆ. ಡೊನಾಲ್ಡ್ ಒಂದು ಆಲೂಗಡ್ಡೆಯ ಸಿಪ್ಪೆಯನ್ನು ಅಕ್ಷರಗಳ ಆಕಾರದಲ್ಲಿ ಸುಲಿಯುತ್ತಾನೆ: 'ಫೂಯಿ'! ನಮ್ಮ 'ಥೂ'ಗೂ 'ಅಯ್ಯೋ ಹೋಗ್ರಪ್ಪ'ಗೂ ನಡುವೆ ನಿಲ್ಲುವ ಉದ್ಗಾರವದು. ಚಿತ್ರ ಅಲ್ಲಿಗೆ ಮುಗಿಯುತ್ತದೆ.

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರವ್ಯಾಖ್ಯಾನ ದೊರಕಲಾರದು. ಆದರೆ ಅದರ ಮಾತು ಮುಂದೆ ಬರುತ್ತದೆ. ಈ ಚಿತ್ರವನ್ನು ಕಂಡು 1942ರ ಅಮೆರಿಕ ಏಕೆ ನಕ್ಕಿತು ಎಂಬುದನ್ನು ತಿಳಿಯಲು ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ ಹೋದ ಸುಮಾರು 25 ಲಕ್ಷ ಸೈನಿಕರಲ್ಲಿ ಕಡ್ಡಾಯದ ಕರೆಗೆ ಒಳಗಾಗಿ ಹೋದವರಿರಲಿಲ್ಲ. ಬಡತನ, ಮನೆತನದ ಸಂಪ್ರದಾಯ, ಸಂಬಳದ ಆಸೆ ಇವೆಲ್ಲ ದೂಡಿರಬಹುದು; ಕಾನೂನು ದೂಡಲಿಲ್ಲ. ಆದ್ದರಿಂದ ಕಡ್ಡಾಯ ಸೇನಾಸೇವೆ ಎಂಬುದು ನಮಗೆ ಪುಸ್ತಕದ ಮಾತು. ಅಮೆರಿಕದವರ ಸ್ಥಿತಿ ಹಾಗಿರಲಿಲ್ಲ. ತಾನಿನ್ನೂ ಯುದ್ಧಕ್ಕೆ ಇಳಿಯದಿದ್ದಾಗಲೇ ಆ ದೇಶ 1940ರ ಸೆಪ್ಟೆಂಬರ್ 16ರಂದು ಶಾಂತಿಕಾಲದ ತನ್ನ ಮೊದಲ ಕಡ್ಡಾಯ ಸೇನಾಸೇವೆಯ ಕಾನೂನನ್ನು ಜಾರಿಗೆ ತಂದಿತು. 21ರಿಂದ 35 ವರ್ಷದ ಗಂಡಸರೆಲ್ಲ ಹೆಸರು ನೋಂದಾಯಿಸಬೇಕು. ಅದೇ ಅಕ್ಟೋಬರಿನಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು. ಅಕ್ಟೋಬರ್ 29ರಂದು ಚೀಟಿ ಎತ್ತುವ ಸಮಾರಂಭ. ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಜಿನ ಪಾತ್ರೆಯಿಂದ ಎತ್ತಿದ ಮೊದಲ ಸಂಖ್ಯೆ 158. ದೇಶದ ಮೂಲೆಮೂಲೆಯಲ್ಲಿ ಆ ಸಂಖ್ಯೆ ಪಡೆದಿದ್ದ ಯುವಕರ ಬದುಕು ಆ ಒಂದು ಕ್ಷಣದಲ್ಲಿ ತಿರುಗಿತು. ಹೊಸ ಸಿಪಾಯಿಯ ಆರಂಭದ ಸಂಬಳ ತಿಂಗಳಿಗೆ 21 ಡಾಲರು.

ಸೇವೆ 12 ತಿಂಗಳು ಮಾತ್ರ ಎಂದು ಹೇಳಲಾಗಿತ್ತು. ಆದರೆ ವರ್ಷ ಮುಗಿಯುವ ಮೊದಲೇ ಅದನ್ನು ವಿಸ್ತರಿಸುವ ಮಸೂದೆ ಬಂತು. 1941ರ ಆಗಸ್ಟ್ 12ರಂದು ಅಲ್ಲಿಯ ಕೆಳಮನೆಯಲ್ಲಿ ಅದು ಗೆದ್ದದ್ದು 203ಕ್ಕೆ 202, ಒಂದೇ ಒಂದು ಮತದ ಅಂತರದಿಂದ. ಶಿಬಿರಗಳಲ್ಲಿದ್ದ ಹುಡುಗರು ಕುದಿದುಹೋದರು. ಗೋಡೆಗಳ ಮೇಲೆ 'ಓಹಾಯೋ' ಎಂದು ಬರೆದರು. ಅದು ಆ ಹೆಸರಿನ ರಾಜ್ಯವಲ್ಲ. 'ಅಕ್ಟೋಬರಿನಲ್ಲಿ ಗುಡ್ಡದಾಚೆಗೆ' ಎಂಬರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಅವಧಿ ಮುಗಿದೊಡನೆ ಓಡಿಹೋಗುತ್ತೇವೆಂಬ ಬೆದರಿಕೆ. ಅಕ್ಟೋಬರ್ ಬಂತು, ಹೋಯಿತು; ಹೆಚ್ಚಿನವರು ಓಡಿಹೋಗಲಿಲ್ಲ. ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿಯಾಯಿತು.

ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಓಡಿಹೋಗುತ್ತೇವೆಂದು ಗೋಡೆಯ ಮೇಲೆ ಬರೆದವರೇ ಆಮೇಲೆ ಉಳಿದರು, ಹೋರಾಡಿದರು. ಗೊಣಗುವುದಕ್ಕೂ ಕರ್ತವ್ಯ ಬಿಡುವುದಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಯುದ್ಧ ಮುಗಿಯುವ ವೇಳೆಗೆ ಆ ಕಾನೂನಿನ ಮೂಲಕ ಸುಮಾರು 1 ಕೋಟಿ ಜನ ಸೈನ್ಯ ಸೇರಿದ್ದರು. ಅವರಲ್ಲಿ ರೈತರು, ಗುಮಾಸ್ತರು, ಹಾಲು ಮಾರುವವರು, ನನ್ನಂಥ ಮೇಷ್ಟರು ಎಲ್ಲರೂ ಇದ್ದರು. ಅವರಾರೂ ಹುಟ್ಟು ಯೋಧರಲ್ಲ. ಡೊನಾಲ್ಡನ ಚಿತ್ರವನ್ನು ಚಿತ್ರಮಂದಿರದಲ್ಲಿ ಕಂಡು ನಕ್ಕವರು ಇವರೇ, ಇಲ್ಲವೇ ಇವರ ಅಣ್ಣತಮ್ಮಂದಿರು, ತಾಯಿತಂದೆಯರು. ಹೊರಗಿನವನೊಬ್ಬ ಸೈನ್ಯವನ್ನು ಹಳಿದದ್ದಲ್ಲ ಅದು. ಒಳಗೆ ಸಿಕ್ಕಿಕೊಂಡವನು ತನ್ನನ್ನೇ ಕಂಡು ನಕ್ಕದ್ದು.

ಚಿತ್ರ ತೆಗೆದವರೂ ದೂರ ನಿಂತವರಲ್ಲ. ಪರ್ಲ್ ಹಾರ್ಬರಿನ ದಾಳಿಯಾದೊಡನೆಯೇ ಸೈನ್ಯದ ತುಕಡಿಯೊಂದು ಬರ್ಬ್ಯಾಂಕಿನಲ್ಲಿದ್ದ ಡಿಸ್ನಿ ಸ್ಟುಡಿಯೋದೊಳಗೆ ಬೀಡುಬಿಟ್ಟಿತು. ಸಮೀಪದ ಲಾಕ್‌ಹೀಡ್ ವಿಮಾನ ಕಾರ್ಖಾನೆಯನ್ನು ಕಾಯುವುದು ಅದರ ಕೆಲಸ. ಸುಮಾರು 8 ತಿಂಗಳು ಅಲ್ಲೇ ಇತ್ತು. ಚಿತ್ರ ಬರೆಯುವವರ ಕೋಣೆಗಳ ಹೊರಗೇ ನಿಜವಾದ ಸಿಪಾಯಿಗಳು ಓಡಾಡುತ್ತಿದ್ದರು. ಈ ಚಿತ್ರದ ಕಥೆ ಹೆಣೆದವರಲ್ಲಿ ಕಾರ್ಲ್ ಬಾರ್ಕ್ಸ್ ಒಬ್ಬ. ಯುದ್ಧಕಾಲದಲ್ಲಿ ಸ್ಟುಡಿಯೋದ ವಾತಾವರಣ ಬದಲಾದದ್ದು ಅವನಿಗೆ ಹಿಡಿಸದೆ, ಜೊತೆಗೆ ಅಲ್ಲಿಯ ಹವಾನಿಯಂತ್ರಣ ಮೂಗಿಗೆ ಒಗ್ಗದೆ 1942ರಲ್ಲೇ ಕೆಲಸ ಬಿಟ್ಟ. ಮುಂದೆ ದಶಕಗಳ ಕಾಲ ಡೊನಾಲ್ಡನ ಕಥೆಗಳನ್ನು ಪುಸ್ತಕಗಳಿಗಾಗಿ ಬರೆದು ಚಿತ್ರಿಸಿದ. 1947ರಲ್ಲಿ ಸ್ಕ್ರೂಜನನ್ನು ಸೃಷ್ಟಿಸಿದವನೂ ಇವನೇ. ನೀವು ಬಾಲ್ಯದಲ್ಲಿ ಮೆಚ್ಚಿದ 'ಡಕ್ ಟೇಲ್ಸ್'ನ ಬೇರು ಹೀಗೆ ಈ ಆಲೂಗಡ್ಡೆಯ ಅಡುಗೆಮನೆಯ ತನಕ ಹೋಗುತ್ತದೆ.

ಈಗ ಆಕ್ಷೇಪಕ್ಕೆ ಬರೋಣ. ಸೈನ್ಯದ ಗೌರವವೆಂದರೆ ಸೈನಿಕನು ಸದಾ ಉತ್ಸಾಹದಿಂದ ಉಬ್ಬಿರುತ್ತಾನೆಂದು ನಂಬುವುದೆ? ಹಾಗಾದರೆ ಅದು ಭಿತ್ತಿಪತ್ರದ ಗೌರವವಾಯಿತು. ಈ ಚಿತ್ರದಲ್ಲಿ ನಿಜವಾಗಿ ಗೇಲಿಗೆ ಗುರಿಯಾಗುವುದೂ ಅದೇ. ಗೋಡೆಯ ಮೇಲಿನ ಸುಖಕ್ಕೂ ಬಯಲಿನ ಇರುವೆಗೂ ಇರುವ ದೂರವನ್ನು ತೋರಿಸಿಯೇ ಅದು ನಗಿಸುತ್ತದೆ. ದೇಶಕ್ಕಾಗಿ ದುಡಿಯುವುದು ತಪ್ಪೆಂದು ಅದು ಎಲ್ಲಿಯೂ ಹೇಳುವುದಿಲ್ಲ. ದುಡಿತವನ್ನು ಸುಖವೆಂದು ಮಾರಬೇಡಿರಿ ಎನ್ನುತ್ತದೆ. ಡೊನಾಲ್ಡ್ 'ಫೂಯಿ' ಎಂದು ಬರೆದನಾದರೂ ಚಾಕು ಕೆಳಗಿಡಲಿಲ್ಲ ಎಂಬುದನ್ನು ಗಮನಿಸಿರಿ. ಆ ತಿರಸ್ಕಾರದ ಮಾತನ್ನು ಅವನು ಬರೆದದ್ದೇ ತನಗೆ ವಹಿಸಿದ ಕೆಲಸದ ಸಿಪ್ಪೆಯಲ್ಲಿ.

ಆಗಸ್ಟ್ 15ರ ಪಥಸಂಚಲನಕ್ಕಾಗಿ ನಾವು ಶಾಲೆಯ ಮೈದಾನದಲ್ಲಿ ನಡೆಸುತ್ತಿದ್ದ ಕವಾಯತನ್ನು ನೆನಪಿಸಿಕೊಳ್ಳಿರಿ. ಎಡಗಾಲು ಎಂದಾಗ ಬಲಗಾಲಿಡುವ ಒಬ್ಬನಾದರೂ ಪ್ರತಿ ಸಾಲಿನಲ್ಲಿಯೂ ಇದ್ದೇ ಇರುತ್ತಿದ್ದ. ಅವನನ್ನು ಕಂಡು ಸಾಲು ನಗುತ್ತಿತ್ತು, ಅವನೂ ನಗುತ್ತಿದ್ದ. ಆ ನಗುವಿನಿಂದ ಧ್ವಜದ ಗೌರವ ಕಡಿಮೆಯಾದದ್ದನ್ನು ನಾನು ಕಾಣೆ. ಬಿಸಿಲಿನಲ್ಲಿ ಇನ್ನೊಂದು ಸುತ್ತು ನಡೆಯಲು ಅದು ಕಾಲಿಗೆ ಬಲ ಕೊಡುತ್ತಿತ್ತು.

ಅಮೆರಿಕದ ಸೈನ್ಯಕ್ಕೂ ಇದು ತಿಳಿದಿತ್ತು. 1943ರಿಂದ 1945ರವರೆಗೆ ಅದು ತನ್ನ ಸಿಪಾಯಿಗಳಿಗಾಗಿಯೇ 'ಪ್ರೈವೇಟ್ ಸ್ನಾಫು' ಎಂಬ ಕಾರ್ಟೂನು ಮಾಲಿಕೆಯನ್ನು ಮಾಡಿಸಿತು. ಮಾಲಿಕೆಯ ಮೊದಲ ಚಿತ್ರವನ್ನು ನಿರ್ದೇಶಿಸಿದವನು ವಾರ್ನರ್ ಸ್ಟುಡಿಯೋದ ಚಕ್ ಜೋನ್ಸ್. ಬರೆದವರಲ್ಲಿ ಒಬ್ಬ, ಮುಂದೆ ಡಾಕ್ಟರ್ ಸ್ಯೂಸ್ ಎಂದು ಜಗತ್ತಿನ ಮಕ್ಕಳಿಗೆಲ್ಲ ಪ್ರಿಯನಾದ ಥಿಯೋಡರ್ ಗೈಸೆಲ್. ಸ್ನಾಫು ಎಂಬುದೇ 'ಎಂದಿನಂತೆ ಎಲ್ಲವೂ ಅಯೋಮಯ' ಎಂಬರ್ಥದ ಸಿಪಾಯಿಗಳ ಬೈಗುಳ. ಈ ಸೋಮಾರಿ, ಬಾಯಿಬಡುಕ, ಗೊಣಗುವ ಸಿಪಾಯಿಯ ತಪ್ಪುಗಳ ಮೂಲಕ ಸೈನ್ಯ ತನ್ನವರಿಗೆ ಪಾಠ ಹೇಳಿತು. 'ಸ್ಪೈಸ್' ಎಂಬ ಚಿತ್ರದಲ್ಲಿ ಸ್ನಾಫು ತನ್ನ ಹಡಗು ಹೊರಡುವ ಗುಟ್ಟನ್ನು ಅಲ್ಲಿಷ್ಟು ಇಲ್ಲಿಷ್ಟು ಬಾಯಿಬಿಟ್ಟು, ಶತ್ರುಗಳು ಹಡಗನ್ನು ಮುಳುಗಿಸಿ, ಕೊನೆಗೆ ನರಕ ಸೇರುತ್ತಾನೆ. ಗೊಣಗುವವನನ್ನು ಬಾಯಿ ಮುಚ್ಚಿಸುವ ಬದಲು ಅವನ ಗೊಣಗಾಟವನ್ನೇ ಪಾಠದ ಸಾಮಗ್ರಿ ಮಾಡಿಕೊಂಡ ಈ ಬೋಧನಕ್ರಮ ಒಬ್ಬ ಮೇಷ್ಟರಾಗಿ ನನಗೆ ಬಹಳ ಹಿಡಿಸಿತು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯನ್ನೂ ಡಿಸ್ನಿಯವರೇ ತೋರಿಸಿದ್ದಾರೆ. 1943ರ ಜನವರಿ 1ರಂದು ಬಿಡುಗಡೆಯಾಗಿ ಆಸ್ಕರ್ ಪ್ರಶಸ್ತಿ ಪಡೆದ 'ಡರ್ ಫ್ಯೂರರ್ಸ್ ಫೇಸ್' ಚಿತ್ರದಲ್ಲಿ ಡೊನಾಲ್ಡ್ ತಾನು ನಾಜಿ ಜರ್ಮನಿಯ ಕಾರ್ಖಾನೆಯ ಕೂಲಿಯಾದಂತೆ ಕನಸು ಕಾಣುತ್ತಾನೆ. ಅಲ್ಲಿ ಮುಖ ಸಿಂಡರಿಸಿದರೆ ಸಾಕು, ಸುತ್ತಲಿಂದ ಬಾನೆಟ್ಟುಗಳು ಚುಚ್ಚುತ್ತವೆ. ಎರಡು ಚಿತ್ರಗಳನ್ನೂ ಒಂದಾದ ಮೇಲೊಂದರಂತೆ ನೋಡಿದರೆ ನನ್ನ ಮಾತಿನ ಅರ್ಥ ವಿವರಣೆಯಿಲ್ಲದೆ ತಿಳಿಯುತ್ತದೆ. ಎರಡೂ ಕಡೆ ಡೊನಾಲ್ಡನಿಗೆ ಕೆಲಸ ಇಷ್ಟವಿಲ್ಲ. ಒಂದು ಕಡೆ ಆಲೂಗಡ್ಡೆಯ ಸಿಪ್ಪೆಯಲ್ಲಿ ಹಾಗೆಂದು ಬರೆಯಬಹುದು; ಇನ್ನೊಂದು ಕಡೆ ಹುಬ್ಬು ಗಂಟಿಕ್ಕುವುದಕ್ಕೂ ಇಲ್ಲ. ಯುದ್ಧದ ನಟ್ಟನಡುವೆಯೂ ತನ್ನ ಸಿಪಾಯಿಗೆ 'ಫೂಯಿ' ಎನ್ನಲು ಬಿಡುವ ದೇಶಕ್ಕೆ ತನ್ನ ಮೇಲೆ ತನಗೆ ನಂಬಿಕೆಯಿದೆ ಎಂದೇ ತಿಳಿಯಬೇಕು.

ನಮ್ಮ ಕಾವ್ಯಪರಂಪರೆಗೂ ಈ ನಗು ಹೊಸದಲ್ಲ. ಕುಮಾರವ್ಯಾಸನ ವಿರಾಟಪರ್ವವನ್ನು ನನ್ನ ತರಗತಿಯಲ್ಲಿ ಓದಿದವರಿಗೆ ಉತ್ತರಕುಮಾರನನ್ನು ನೆನಪಿಸಬೇಕಾಗಿಲ್ಲ. ಹೆಂಗಸರ ಮುಂದೆ ಕೌರವರನ್ನು ಹೊಸಕಿಹಾಕುತ್ತೇನೆಂದು ಕೊಚ್ಚಿಕೊಂಡು, ಕಣ್ಣೆದುರು ಸೇನಾಸಮುದ್ರ ಕಂಡೊಡನೆ ರಥದಿಂದ ಧುಮುಕಿ ಓಡುವವನು. ಓಡುವ ಅವನನ್ನು ಬೃಹನ್ನಳೆಯ ವೇಷದ ಅರ್ಜುನ ಹಿಡಿದು ತರುತ್ತಾನೆ. ಅಮೆರಿಕದ ಕಾರ್ಟೂನುಗಳಲ್ಲಿ ಇವನಿಗೆ ಸರಿಯಾದ ಜೋಡಿ ಡೊನಾಲ್ಡನಿಗಿಂತ, 1945ರ 'ಡ್ರಾಫ್ಟೀ ಡ್ಯಾಫಿ' ಚಿತ್ರದ ಡ್ಯಾಫಿ ಎಂಬ ಕರಿಬಾತು. ಬಾಬ್ ಕ್ಲ್ಯಾಂಪೆಟ್ ನಿರ್ದೇಶಿಸಿದ ಈ ಚಿತ್ರದಲ್ಲಿ ಪತ್ರಿಕೆಯ ಯುದ್ಧವಾರ್ತೆ ಓದಿ ದೇಶಭಕ್ತಿಯಿಂದ ಕುಪ್ಪಳಿಸುವ ಡ್ಯಾಫಿ, ತನ್ನ ಮನೆಗೇ ಕರೆಯೋಲೆ ಬರುತ್ತಿದೆಯೆಂದು ತಿಳಿದೊಡನೆ ಊರು ಬಿಟ್ಟು ಓಡುತ್ತಾನೆ. ಎಲ್ಲಿ ಹೋದರೂ ಕರೆಯೋಲೆ ಹಿಡಿದ ಆ ಕುಳ್ಳ ಮನುಷ್ಯ ನಗುತ್ತ ನಿಂತಿರುತ್ತಾನೆ, ಕೊನೆಗೆ ನರಕದಲ್ಲಿಯೂ. ಇತರರ ಯುದ್ಧಕ್ಕೆ ಚಪ್ಪಾಳೆ ತಟ್ಟಿ ತನ್ನ ಸರದಿಗೆ ಬೆವರುವವನ ಈ ಚಿತ್ರ, ಮನೆಯ ಸೋಫಾದಲ್ಲಿ ಕುಳಿತು ಯುದ್ಧ ಬೇಕೆನ್ನುವವರಿಗೆಲ್ಲ ಕಡ್ಡಾಯ ಪಠ್ಯವಾಗಬೇಕೆಂದು ನನಗನ್ನಿಸುತ್ತದೆ. ಡೊನಾಲ್ಡ್ ಹಾಗಲ್ಲ. ಅವನು ಓಡಲಿಲ್ಲ, ಕರೆ ಬಂದಾಗ ಹೋದ.

ಇಷ್ಟು ಮೊದಲ ನಗುವಿನ ಮಾತು. ಇನ್ನು ಎರಡನೆಯದು.

ಡೊನಾಲ್ಡನ ಸೈನಿಕ ಜೀವನ ಒಂದು ಚಿತ್ರಕ್ಕೆ ಮುಗಿಯಲಿಲ್ಲ. ಅದೇ ವರ್ಷ 'ದ ವ್ಯಾನಿಶಿಂಗ್ ಪ್ರೈವೇಟ್'ನಲ್ಲಿ ಅವನಿಗೆ ವಸ್ತುಗಳನ್ನು ಅದೃಶ್ಯ ಮಾಡುವ ಬಣ್ಣ ಸಿಕ್ಕಿತು. 'ಸ್ಕೈ ಟ್ರೂಪರ್'ನಲ್ಲಿ ಹಾರುವ ಆಸೆ ಕೈಗೂಡಿತಾದರೂ ವಿಮಾನ ನಡೆಸುವವನಾಗಿ ಅಲ್ಲ, ಪ್ಯಾರಾಚೂಟಿನೊಂದಿಗೆ ಕೆಳಗೆ ಧುಮುಕಬೇಕಾದವನಾಗಿ. 1943ರಲ್ಲಿ ಇನ್ನೂ ಕೆಲವು ಚಿತ್ರಗಳು ಬಂದವು. ಇವುಗಳಲ್ಲೆಲ್ಲ ನಗು ಪಾಳೆಯದ ಒಳಗಿನದು. ಪೀಟ್ ಮತ್ತು ಡೊನಾಲ್ಡ್ ಇವರ ನಡುವಿನದು. ಆದರೆ 1944ರ ಜೂನ್ 2ರಂದು ಬಂದ 'ಕಮಾಂಡೋ ಡಕ್'ನಲ್ಲಿ ಡೊನಾಲ್ಡ್ ಶತ್ರುವಿನ ನೆಲಕ್ಕೆ ಇಳಿಯುತ್ತಾನೆ. ಜಪಾನೀ ಸೈನಿಕರು ಮರಗಳಂತೆ, ಬಂಡೆಗಳಂತೆ ವೇಷ ಹಾಕಿ ಅಡಗಿದ್ದಾರೆ. ಅವರ ಮುಖ, ಹಲ್ಲು, ಮಾತಿನ ಧಾಟಿ ಎಲ್ಲವೂ ಅಣಕ. ನಿರ್ದೇಶಕ ಅದೇ ಜ್ಯಾಕ್ ಕಿಂಗ್, ಬಾತುಕೋಳಿ ಅದೇ ಡೊನಾಲ್ಡ್. ನಗುವಿನ ಜಾತಿ ಮಾತ್ರ ಬದಲಾಗಿದೆ. ಮೊದಲ ಚಿತ್ರದಲ್ಲಿ ನಾವು ನಮ್ಮಂಥವನ ಕಷ್ಟವನ್ನು ಕಂಡು ನಕ್ಕೆವು. ಇಲ್ಲಿ ಇನ್ನೊಬ್ಬನನ್ನು ಮನುಷ್ಯನೇ ಅಲ್ಲವೆಂಬಂತೆ ಮಾಡಿ ನಗಬೇಕೆಂದು ನಮಗೆ ಹೇಳಲಾಗುತ್ತದೆ.

ಅದು ಬರಿಯ ತೆರೆಯ ಮೇಲಿನ ತಮಾಷೆಯಾಗಿ ಉಳಿದಿರಲಿಲ್ಲ ಎಂಬುದು ದುಃಖದ ಸಂಗತಿ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಮೇರೆಗೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಹಸಿರನ್ನು ನೀಲಿಯೆಂದ ಬಾತುಕೋಳಿಗೆ 'ಓಕೆ' ಮುದ್ರೆ ಬಿದ್ದ ಅದೇ ವರ್ಷ, ಆ ಸಮುದಾಯದ ಯುವಕರನ್ನು ಸೈನ್ಯಕ್ಕೆ ಬೇಡವಾದವರೆಂದು ಪಟ್ಟಿ ಮಾಡಲಾಯಿತು. ಮರುವರ್ಷ ನಿಲುವು ಸಡಿಲವಾದಾಗ ಅವರಲ್ಲಿ ಸಾವಿರಾರು ಮಂದಿ ತಾವಾಗಿ ಮುಂದೆ ಬಂದು 442ನೆಯ ರೆಜಿಮೆಂಟನ್ನು ಸೇರಿದರು. ತಾಯಿತಂದೆಯರು ಶಿಬಿರದಲ್ಲಿರುವಾಗಲೇ ಮಕ್ಕಳು ಇಟಲಿ, ಫ್ರಾನ್ಸುಗಳಲ್ಲಿ ಹೋರಾಡಿದರು. ಅಮೆರಿಕ ಸರಕಾರ ಇದಕ್ಕೆ ಕ್ಷಮೆ ಕೇಳುವ ಕಾನೂನು ಮಾಡಿದ್ದು 1988ರಲ್ಲಿ. ಕರಿಯ ಸಿಪಾಯಿಗಳ ಕಥೆಯೂ ಸುಖದ್ದಲ್ಲ. ಅವರನ್ನು ಪ್ರತ್ಯೇಕ ದಳಗಳಲ್ಲಿಟ್ಟು, ಹೆಚ್ಚಿನವರಿಗೆ ಸಾಗಣೆ, ಸರಬರಾಜು, ಅಡುಗೆ ಇಂಥ ಕೆಲಸಗಳನ್ನೇ ಕೊಡಲಾಗುತ್ತಿತ್ತು. ಆ ಭೇದವನ್ನು ನಿಲ್ಲಿಸುವ ಆಜ್ಞೆ ಟ್ರೂಮನ್‌ನಿಂದ ಬಂದದ್ದು 1948ರಲ್ಲಿ. ಡೊನಾಲ್ಡನಿಗೆ ಆಲೂಗಡ್ಡೆ ಶಿಕ್ಷೆಯಾಗಿ ಬಂತು. ಅವರಿಗೆ ಬಣ್ಣದ ಕಾರಣದಿಂದ ಬಂತು.

ಆದ್ದರಿಂದ ಮಕ್ಕಳಿಗೆ ಏನನ್ನು ತೋರಿಸಬಾರದೆಂದು ಕೇಳಿದರೆ ನಾನು ಬೆರಳು ಮಾಡುವುದು ಇರುವೆಯ ಗೂಡಿನ ಕಡೆಗಲ್ಲ. ತನ್ನ ಪಾಳೆಯವನ್ನು ಕಂಡು ನಕ್ಕ ಚಿತ್ರ 80 ವರ್ಷಗಳ ಮೇಲೆಯೂ ತಾಜಾ ಆಗಿದೆ. ಶತ್ರುವಿನ ಮುಖವನ್ನು ಕಂಡು ನಕ್ಕ ಚಿತ್ರ ಹಳಸಿ ನಾರುತ್ತಿದೆ. 2004ರಲ್ಲಿ ಡಿಸ್ನಿಯವರು ತಮ್ಮ ಯುದ್ಧಕಾಲದ ಚಿತ್ರಗಳನ್ನು ಡಿವಿಡಿಯಲ್ಲಿ ಹೊರತಂದಾಗ, ಚಲನಚಿತ್ರ ಇತಿಹಾಸಕಾರ ಲೆನಾರ್ಡ್ ಮಾಲ್ಟಿನ್‌ನ ಪ್ರಸ್ತಾವನೆಯನ್ನು ಸೇರಿಸಿದರು. ಬಚ್ಚಿಡದೆ, ವಿವರಣೆಯೊಂದಿಗೆ ಕೊಡುವ ಆ ಕ್ರಮವೇ ಸರಿಯಾದುದು. ದೊಡ್ಡ ಮಕ್ಕಳಿಗಾದರೆ 'ಕಮಾಂಡೋ ಡಕ್'ನ್ನೂ ತೋರಿಸಿ, ಇಲ್ಲಿ ನಗು ಬಂತೆ, ಯಾರನ್ನು ಕಂಡು ಬಂತು ಎಂದು ಕೇಳಬಹುದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಡೊನಾಲ್ಡನ ಈ ಸೈನ್ಯದಲ್ಲಿ ಯಾರೂ ಸಾಯುವುದಿಲ್ಲ. ಬಂದೂಕು ಸಿಡಿಯುತ್ತದೆ, ಪುಕ್ಕ ಸುಡುತ್ತದೆ, ಮರುಗಳಿಗೆ ಎಲ್ಲವೂ ಮೊದಲಿನಂತೆ. ಸಿಪಾಯಿಗಳಿಗೆಂದೇ ಮಾಡಿದ ಸ್ನಾಫು ಚಿತ್ರಗಳಲ್ಲಿ ಅಜಾಗರೂಕತೆಗೆ ಸಾವು ಉತ್ತರವಾಗಿ ಬರುತ್ತಿತ್ತು. ಮನೆಯಲ್ಲಿದ್ದವರಿಗೆ ಮಾಡಿದ ಚಿತ್ರಗಳಲ್ಲಿ ಆಲೂಗಡ್ಡೆಯೇ ಕೊನೆಯ ಶಿಕ್ಷೆ. ಸಾಯಬೇಕಾದವರಿಗೆ ನಿಜ ತಿಳಿಸಿ, ಕಳುಹಿಸಬೇಕಾದವರಿಗೆ ತಿಳಿಸದಿರುವುದು ಎಲ್ಲ ಸರಕಾರಗಳ ಹಳೆಯ ಪದ್ಧತಿ. ಆ ಯುದ್ಧದಲ್ಲಿ 4 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಅವರಲ್ಲಿ ಎಷ್ಟು ಮಂದಿ 1942ರ ಆ ಬೇಸಗೆಯಲ್ಲಿ ಚಿತ್ರಮಂದಿರದ ಕತ್ತಲಲ್ಲಿ ಕುಳಿತು ತಮ್ಮ ಮುಂದಿನ ಬದುಕನ್ನೇ ಕಂಡಂತೆ ನಕ್ಕಿದ್ದರೋ ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ. ಡೊನಾಲ್ಡನಿಗೆ ಮಾತ್ರ 1984ರಲ್ಲಿ, ಅವನ 50ನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ಅಮೆರಿಕದ ಸೈನ್ಯ ಗೌರವಪೂರ್ವಕವಾಗಿ ಸೇವೆಯಿಂದ ಬಿಡುಗಡೆಯ ಪತ್ರ ಕೊಟ್ಟಿತು.

ನಮ್ಮ ವ್ಯಾಸರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ವಿರಾಟಪರ್ವದಲ್ಲಿ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕ ಉತ್ತರಕುಮಾರ ಭೀಷ್ಮಪರ್ವದಲ್ಲಿ ಮತ್ತೆ ಬರುತ್ತಾನೆ. ಈ ಸಲ ಓಡುವುದಿಲ್ಲ. ಆನೆಯೇರಿ ಶಲ್ಯನ ಮೇಲೆ ನುಗ್ಗುತ್ತಾನೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಒಲೆಯ ಮುಂದಿನ ಪೌರುಷವೆಂದು ಗಾದೆ ಕಟ್ಟಿದ ನಾವು ಆ ಸಾವನ್ನು ಮರೆತಿದ್ದೇವೆ; ತರಗತಿಯಲ್ಲಿಯೂ ವಿರಾಟಪರ್ವದ ಪ್ರಸಂಗಕ್ಕೇ ಪಾಠ ಮುಗಿದುಹೋಗುತ್ತದೆ.

ಮೊಮ್ಮಕ್ಕಳಿಗೆ, ಮಕ್ಕಳಿಗೆ ಈ 9 ನಿಮಿಷದ ಚಿತ್ರವನ್ನು ಧಾರಾಳವಾಗಿ ತೋರಿಸಿರಿ. ಅವರ ಜೊತೆ ಕುಳಿತು ನೀವೂ ನಗಿರಿ. ಸಿಪಾಯಿಯೂ ನಮ್ಮಂತೆ ಇರುವೆ ಕಚ್ಚಿದರೆ ಕುಣಿಯುವವನು, ಬೇಡದ ಕೆಲಸಕ್ಕೆ ಮುಖ ಸಿಂಡರಿಸುವವನು, ಆದರೂ ಕರೆದಾಗ ಹೋಗುವವನು ಎಂಬುದು ಅವರಿಗೆ ತಿಳಿಯಲಿ. ಚಿತ್ರ ಮುಗಿದ ಮೇಲೆ ಉತ್ತರಕುಮಾರನ ಕಥೆಯನ್ನು ಹೇಳಿರಿ. ಈ ಬಾರಿ ಭೀಷ್ಮಪರ್ವದವರೆಗೆ ಹೇಳಿರಿ.